ಹರಳಿಗೆ ಕಡಿವಾಣ

ಕುಂಬಳೆಯ ಸೆಕೆಗೆ ಕರೆಂಟ್ ಹೋಗಿ ಬಂದರೆ ಫ್ರೀಜರಿನ ಐಸ್‌ಕ್ರೀಮ್ ನಾಲಿಗೆಗೆ ಮರಳಿನ ಹಾಗೆ ತಾಗುತ್ತದೆ, ಅಲ್ವಾ? ಸಣ್ಣ ಹಿಮದ ಹರಳು ಕರಗಿ, ದೊಡ್ಡವು ಇನ್ನೂ ದೊಡ್ಡದಾಗಿರುತ್ತವೆ.

ಅಂಟಾರ್ಕ್ಟಿಕಾದ ಮೀನುಗಳಿಗೆ ಈ ತೊಂದರೆ ಇಲ್ಲ. ಮೈನಸ್ 1.9 ಡಿಗ್ರಿಯ ಸಮುದ್ರದಲ್ಲೂ ಅವುಗಳ ರಕ್ತ ಹಿಮವಾಗುವುದಿಲ್ಲ. ರಕ್ತದಲ್ಲಿರುವ ಒಂದು ಬಗೆಯ ಪ್ರೋಟೀನು ಹರಳಿನ ಮೈಗೆ ಅಂಟಿಕೊಂಡು ಅದನ್ನು ಬೆಳೆಯಲು ಬಿಡುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಆರ್ಥರ್ ಡಿವ್ರೀಸ್ ಇದನ್ನು ಕಂಡುಹಿಡಿದರು. ಈಗ ವಿಜ್ಞಾನಿಗಳು ಇಂಥ ಪ್ರೋಟೀನುಗಳನ್ನು ತಿದ್ದುತ್ತಿದ್ದಾರೆ. ಒಂದು ಹುಳದ ಪ್ರೋಟೀನಿಗೆ ಸುರುಳಿಗಳನ್ನು ಸೇರಿಸಿ, ಹಿಮಕ್ಕೆ ಅಂಟುವ ಬದಿಯನ್ನು ಉದ್ದ ಮಾಡಿದಾಗ ಅದರ ಬಲ ಜಾಸ್ತಿಯಾಯಿತು. ಎಷ್ಟು ಚಂದದ ಕೆಲಸ!

ಐಸ್‌ಕ್ರೀಮ್ ಇರಲಿ. ದಾನದ ಹೃದಯ ದೇಹದ ಹೊರಗೆ, ಐಸ್ ಪೆಟ್ಟಿಗೆಯಲ್ಲಿ ಉಳಿಯುವುದು ಸುಮಾರು 4ರಿಂದ 6 ಗಂಟೆ. ದೊಡ್ಡ ಚಿಕಿತ್ಸೆಗೆ ಗಡಿ ದಾಟಿ ಮಂಗಳೂರಿಗೆ ಓಡುವ ನಮ್ಮಂಥವರಿಗೆ, ಇಂಥ ಪ್ರೋಟೀನು ಬಳಸಿ, ಹರಳು ಬೆಳೆಯಲು ಬಿಡದೆ ಹೃದಯವನ್ನು ಇನ್ನಷ್ಟು ತಣ್ಣಗಿಟ್ಟು ಆ ಹೊತ್ತನ್ನು ಹಿಗ್ಗಿಸುವ ಸಂಶೋಧನೆ ಬೇಗ ಕೈಗೂಡಲಿ.