ಗಾಂಧಿ ಬಜಾರಿನ ನೆನಪು ಬರೆದಿಡುವವರಿಗೆ: ಸೇರು, ಆಣೆ, ಮೊಳದ ಲೆಕ್ಕ

ಬೆಂಗಳೂರಿನ ಬಸವನಗುಡಿಯ ಹಿರಿಯರನ್ನು ಗಾಂಧಿ ಬಜಾರಿನ ಬಗ್ಗೆ ಕೇಳಿ ನೋಡಿ, ಮಾತಿಗೆ ಬರವಿಲ್ಲ. ತೊಡಕು ಶುರುವಾಗುವುದು ಅದನ್ನು ಬರೆದುಕೊಳ್ಳುವವರಿಗೆ. "ಸೇರು ಬೆಣ್ಣೆ ಇಷ್ಟಕ್ಕೆ", "ನಾಲ್ಕಾಣೆಗೆ ಕೈತುಂಬ ಹೂವು" ಅಂದದ್ದನ್ನು ಇಂದಿನ ಕೆಜಿಗೆ, ರೂಪಾಯಿಗೆ ನೇರವಾಗಿ ತಿರುಗಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಆಗ ಮನೆಯವರು ಅಜ್ಜಿಗೆ ಮರೆವು ಅಂದುಬಿಡುತ್ತಾರೆ. ಎಷ್ಟೋ ಸಲ ಅಜ್ಜಿ ಹೇಳಿದ್ದೇ ಸರಿ. ಆ ಕಾಲದ ಅಳತೆ ನಮಗೆ ಗೊತ್ತಿರುವುದಿಲ್ಲ.

ಮೊದಲು ತೂಕ. ಹಳೇ ಮೈಸೂರು ಸೀಮೆಯಲ್ಲಿ ಸೇರು ಅಂದರೆ ಎರಡು ಬೇರೆ ಬೇರೆ ಅಳತೆ. ತೂಕದ ಕಚ್ಚಾ ಸೇರಿಗೆ 24 ತೊಲ, ಅಂದರೆ ಸುಮಾರು 280 ಗ್ರಾಂ. ಐದು ಸೇರಿಗೆ ಒಂದು ವೀಸೆ, ಸುಮಾರು 1.4 ಕೆಜಿ. ಎಂಟು ವೀಸೆಗೆ ಒಂದು ಮಣ, 11.2 ಕೆಜಿ. ಬೆಣ್ಣೆ, ಬೆಲ್ಲ, ಹುಣಸೆಹಣ್ಣಿನ ಮಾತು ಬಂದಾಗ ಈ ಲೆಕ್ಕ ಹಿಡಿಯಿರಿ. ಅಕ್ಕಿ, ಬೇಳೆ, ಅವರೆಕಾಳಿನ ಸೇರು ಮಾತ್ರ ಪಾತ್ರೆಯ ಅಳತೆ. ನಾಲ್ಕು ಪಾವಿಗೆ ಒಂದು ಸೇರು. ಹೆಚ್ಚುಕಡಿಮೆ ಒಂದು ಲೀಟರಿನ ಆಸುಪಾಸು. ಇವೆರಡನ್ನು ಬೆರೆಸಿದರೆ ಬೆಣ್ಣೆಯ ಬೆಲೆ ಮೂರೂವರೆ ಪಟ್ಟು ತಪ್ಪುತ್ತದೆ. ಅಟ್ಟದ ಮೇಲೆ ಹಳೆಯ ಹಿತ್ತಾಳೆ ಪಾವೋ ಸೇರೋ ಇದ್ದರೆ ಅಂದಾಜು ಬೇಡವೇ ಬೇಡ. ಬಾಯಿಮಟ್ಟ ನೀರು ತುಂಬಿ ಅಡುಗೆಮನೆಯ ತಕ್ಕಡಿಯಲ್ಲಿಡಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ಉಳಿದ ಗ್ರಾಮೇ ಅದರ ಮಿಲಿಲೀಟರು. ಅಳೆದದ್ದು ಹೇಗೆ ಅನ್ನುವುದನ್ನೂ ಕೇಳಬೇಕು: ಬಾಯಿಗೆ ಸಮನಾಗಿ ಕೈಯಾಡಿಸುತ್ತಿದ್ದರೋ, ಮೇಲೆ ರಾಶಿ ನಿಲ್ಲುವಂತೆ ಸುರಿಯುತ್ತಿದ್ದರೋ? ಜೊತೆಗೆ ಕೊಸರು, ಅಂದರೆ ಅಳೆದಾದ ಮೇಲೆ ಕೊಡುವ ಹೆಚ್ಚಿನದು, ಎಷ್ಟು ಹಾಕುತ್ತಿದ್ದರು? ಕೊಸರಿನ ಮಾತೆತ್ತಿದರೆ ಸಾಕು, ಅಲ್ಲಿಯವರೆಗೆ ಒಂದೊಂದೇ ಮಾತಿನಲ್ಲಿ ಉತ್ತರಿಸುತ್ತಿದ್ದವರೂ ಬಾಯಿಬಿಟ್ಟು ಹೇಳತೊಡಗುತ್ತಾರೆ.

ಮೆಟ್ರಿಕ್ ತೂಕ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂತು, 1962ರ ಹೊತ್ತಿಗೆ ಕಡ್ಡಾಯವಾಯಿತು. ಅಂಗಡಿಯ ತಕ್ಕಡಿ ಬದಲಾಯಿತು, ಬಾಯಿಮಾತು ಬದಲಾಗಲಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಅನ್ನಕ್ಕಿಡುವುದು ಪಾವಿನ ಲೆಕ್ಕದಲ್ಲೇ. ಹಾಗಾಗಿ "ಪಾವು" ಅಂದ ಮಾತ್ರಕ್ಕೆ ಅದು 1950ರ ದಶಕದ ನೆನಪು ಎಂದು ಗುರುತು ಹಾಕಬೇಡಿ.

ದುಡ್ಡಿನದೂ ಇದೇ ಕಥೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ. ನಾಲ್ಕಾಣೆ ಸರಿಯಾಗಿ 25 ಪೈಸೆ ಆಯಿತು, ಎಂಟಾಣೆ 50. ಆದ್ದರಿಂದ ಈ ಎರಡು ಮಾತು ಹೊಸ ನಾಣ್ಯಕ್ಕೂ ಅಂಟಿಕೊಂಡು ದಶಕಗಟ್ಟಲೆ ಉಳಿದವು. 25 ಪೈಸೆಯ ನಾಣ್ಯ ಚಲಾವಣೆಯಿಂದ ಹೋದದ್ದು 2011ರ ಜೂನ್ ಕೊನೆಗೆ. ನಾಲ್ಕಾಣೆಯ ಹೂವು 1950ರದ್ದೂ ಇರಬಹುದು, 1980ರದ್ದೂ ಇರಬಹುದು. ಆದರೆ "ಕಾಲಾಣೆ", "ಒಂದೂವರೆ ಆಣೆ" ಅಂದರೆ ಬಹುಮಟ್ಟಿಗೆ 1957ಕ್ಕೆ ಹಿಂದಿನದು, ಯಾಕೆಂದರೆ ಒಂದಾಣೆ 6.25 ಪೈಸೆ, ಅದರ ಚೂರುಗಳಿಗೆ ಹೊಸ ನಾಣ್ಯದಲ್ಲಿ ಸರಿಹೊಂದುವ ಬಿಲ್ಲೆಯೇ ಇರಲಿಲ್ಲ. "ನಯಾಪೈಸೆ" ಅಂದರೆ ಇನ್ನೂ ಸುಲಭ. ಸರ್ಕಾರ 1964ರಲ್ಲೇ "ನಯಾ" ಕೈಬಿಟ್ಟಿತು; ಆ ಮಾತು ಬಂದ ನೆನಪಿನ ಬೇರು ಹೆಚ್ಚಾಗಿ 1957ರಿಂದ 1960ರ ದಶಕದ ನಡುವೆ ಇರುತ್ತದೆ.

ಹೂವಿನ ಲೆಕ್ಕ ಮೊಳದ್ದು, ಮಾರಿನದ್ದು. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿಗೆ, ಸುಮಾರು ಒಂದೂವರೆ ಅಡಿ. ನಾಲ್ಕು ಮೊಳಕ್ಕೆ ಒಂದು ಮಾರು. ಅಳೆಯುವುದು ಹೂವಾಡಗಿತ್ತಿಯ ಕೈಯಲ್ಲಿ, ಹಾಗಾಗಿ ಗಿಡ್ಡ ಕೈಯವಳ ಮೊಳ ಗಿಡ್ಡವೇ. ಇನ್ನೊಂದು, ಒತ್ತಾಗಿ ಕಟ್ಟಿದ ಮೊಳದಲ್ಲಿ ಸಡಿಲವಾಗಿ ಕಟ್ಟಿದ್ದಕ್ಕಿಂತ ಹೂವು ಬಹಳ ಹೆಚ್ಚು. ಬರಿಯ ಬೆಲೆ ಬರೆದರೆ ಪ್ರಯೋಜನವಿಲ್ಲ. ಯಾವ ಹೂವು, ದಿಂಡು ಕಟ್ಟೋ ಬಿಡಿ ಕಟ್ಟೋ, ನೂಲೋ ಬಾಳೆನಾರೋ ಎಂದು ಕೇಳಿ. ಬಾಳೆನಾರನ್ನು ನೀರಲ್ಲಿ ನೆನೆಸಿಯೇ ಕಟ್ಟಬೇಕು, ಒಣಗಿದ್ದರೆ ಸೀಳಿ ತುಂಡಾಗುತ್ತದೆ. ಎಳೆದು ಬಿಗಿದ ನೂಲು ಕನಕಾಂಬರದ ತೊಟ್ಟನ್ನೇ ಕತ್ತರಿಸಿಬಿಡುತ್ತದೆ. ಇಂಥ ವಿವರ ಕಟ್ಟಿ ಗೊತ್ತಿದ್ದವರ ಬಾಯಲ್ಲಿ ಮಾತ್ರ ಬರುತ್ತದೆ, ಅದಕ್ಕೇ ಅದು ಅಷ್ಟು ಬೆಲೆಬಾಳುವುದು.

ಕಾಫಿಯಲ್ಲಿ ಒಂದೇ ಎಚ್ಚರಿಕೆ. ಹಸಿ ಬೀಜದ ಬೆಲೆ ಹೇಳುತ್ತಿದ್ದಾರೋ ಪುಡಿಯದೋ? ಹುರಿದಾಗ ಬೀಜ ನೂರಕ್ಕೆ 15ರಿಂದ 20ರಷ್ಟು ತೂಕ ಕಳೆದುಕೊಳ್ಳುತ್ತದೆ. ಕೆಜಿ ಬೀಜಕ್ಕೆ 800-850 ಗ್ರಾಂ ಪುಡಿ. ಮೇಲೆ ಚಿಕೋರಿ ಬೆರೆತರೆ ಬೆಲೆ ಇನ್ನೂ ಇಳಿಯುತ್ತದೆ. ಪೀಬೆರಿ, ಪ್ಲಾಂಟೇಷನ್ ಎ ಎಂದು ಬೀಜದ ಹೆಸರು ಹಿಡಿದು ಹೇಳುವ ಮನೆಯಲ್ಲಿ ಈ ಪ್ರಶ್ನೆಗೆ ನಿಖರ ಉತ್ತರ ಸಿಗುತ್ತದೆ.

ಇಸವಿ ಕೇಳುವುದರಿಂದ ಹೆಚ್ಚು ಸಿಗುವುದಿಲ್ಲ. ಕಾಲ ಕೇಳಿ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯ ಆಸುಪಾಸೋ, ಅವರೆಕಾಯಿ ರಾಶಿ ಬಿದ್ದಾಗಲೋ, ಗೌರಿ ಹಬ್ಬಕ್ಕೆ ಮೊರದ ಬಾಗಿನ ಕೊಳ್ಳುವಾಗಲೋ? ಆಮೇಲೆ "ಆಗ ದೊಡ್ಡಮಗ ಎಷ್ಟನೇ ಕ್ಲಾಸು, ಅಜ್ಜಿ?" ಎಂದರೆ ಇಸವಿ ತಾನೇ ಹೊರಡುತ್ತದೆ. ರಸ್ತೆಯ ಹೆಸರೂ ಸುಳಿವು ಕೊಡುತ್ತದೆ. ಡಿ.ವಿ.ಜಿ. ರಸ್ತೆಯನ್ನು ಈಗಲೂ ನಾಗಸಂದ್ರ ರಸ್ತೆ ಎನ್ನುವವರ ನೆನಪು ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ಅಂಗಡಿಗಳ ಸಾಲು ಬರೆಯಲು ಉದ್ದನೆಯ ಕಾಗದ ಬೇಕು. ಹಳೇ ಕ್ಯಾಲೆಂಡರಿನ ಹಾಳೆಗಳ ಬೆನ್ನನ್ನು ಅಂಟಿಸಿದರೂ ಸಾಕು. ರಾಮಕೃಷ್ಣ ಆಶ್ರಮದ ಕಡೆಯಿಂದ ಟ್ಯಾಗೋರ್ ವೃತ್ತದವರೆಗೆ ಎರಡು ಗೆರೆ ಎಳೆಯಿರಿ. ಜಾಗ ಬದಲಿಸದವನ್ನು ಮೊದಲು ಗುರುತಿಸಿ: ವೃತ್ತ, ಅಡ್ಡರಸ್ತೆಗಳು, 1940ರ ದಶಕದಿಂದ ಇರುವ ವಿದ್ಯಾರ್ಥಿ ಭವನ. ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಎರಡೂ ಬದಿ ಒಟ್ಟಿಗೆ ಕೇಳಿದರೆ ಎದುರುಬದುರಿನ ಅಂಗಡಿಗಳು ಅದಲುಬದಲಾಗುತ್ತವೆ. ಒಂದೇ ಮಳಿಗೆಗೆ ಇಬ್ಬರು ಎರಡು ಅಂಗಡಿ ಹೇಳಿದರೆ ಎರಡನ್ನೂ ಬರೆಯಿರಿ. ಒಂದು ಮುಚ್ಚಿ ಇನ್ನೊಂದು ತೆರೆದದ್ದಿರಬಹುದು. ಗ್ರಂಧಿಗೆ (ಪೂಜೆ ಸಾಮಾನಿನ) ಅಂಗಡಿ, ಬಳೆ, ಹೂವಿನ ಸಾಲನ್ನು ಹೆಂಗಸರ ಹತ್ತಿರ ಕೇಳಿ. ಗಂಡಸರು ಹೋಟೆಲು, ಕಾಫಿಪುಡಿ, ವೀಳ್ಯದೆಲೆಯ ಕಡೆಯಿಂದ ಶುರುಮಾಡುವುದೇ ಹೆಚ್ಚು. "ಅಲ್ಲಿ ಏನೇನಿತ್ತು?" ಅನ್ನುವ ಪ್ರಶ್ನೆಗಿಂತ "ಮನೆಗೆ ಬರುವಾಗ ಚೀಲದಲ್ಲಿ ಏನೇನು ಇರುತ್ತಿತ್ತು, ಯಾವುದನ್ನು ಎಲೆಯಲ್ಲಿ ಕಟ್ಟುತ್ತಿದ್ದರು, ಯಾವುದನ್ನು ಪೇಪರಿನ ಪೊಟ್ಟಣದಲ್ಲಿ?" ಅನ್ನುವುದಕ್ಕೆ ಸಿಗುವ ಉತ್ತರ ದೊಡ್ಡದು.

ಮಾತು ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ, ಫೋನನ್ನು ಮಡಿಸಿದ ಬಟ್ಟೆಯ ಮೇಲಿಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೇ ಜೋರಾಗಿ ಕೇಳುತ್ತದೆ. ಬರೆಯುವಾಗ ಅವರ ಮಾತನ್ನು ಅವರಾಡಿದಂತೆಯೇ ಇಡಿ: "ಎರಡು ಸೇರು ಬೆಣ್ಣೆ". ಪಕ್ಕದಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ "ಸುಮಾರು 560 ಗ್ರಾಂ" ಎಂದು ಹಾಕಿ. ನಾಳೆ ಲೆಕ್ಕ ತಪ್ಪೆಂದು ಗೊತ್ತಾದರೆ ಪಕ್ಕದ ಅಂಕಿಯನ್ನಷ್ಟೇ ತಿದ್ದಿದರಾಯಿತು.