ಇಲ್ಲ ಸ್ವಾಮಿ, ಆ ಕಲ್ಲಿನಡಿ ನಿಧಿ ಇಲ್ಲ

ಹಳೇ ಬೆಂಚ್ ಮಾರ್ಕು (ಎತ್ತರ ಅಳೆದು ಕಲ್ಲಿನಲ್ಲಿ ಕೆತ್ತಿಟ್ಟ ಗುರುತು), ಸರ್ವೆ ಗುರುತು ಹುಡುಕಿಕೊಂಡು ಊರೂರು ಸುತ್ತುವ ಹುಚ್ಚು ನನಗಿದೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ: "ನಿಜ ಹೇಳಿ, ಅದರ ಕೆಳಗೆ ಏನಿದೆ?" ಏನಿದೆ ಅಂತ ಕೇಳಿದರೆ ಬೇಜಾರಿಲ್ಲ. ಆ 'ನಿಜ ಹೇಳಿ' ಇದೆಯಲ್ಲ, ಅದು ಮೈ ಉರಿಸುತ್ತದೆ. ಮೋರಿ ಕಟ್ಟೆಯ ಮುಂದೆ ಮಂಡಿಯೂರಿ ಕೂತವನು ಸುಳ್ಳು ಹೇಳಲೆಂದೇ ಅಲ್ಲಿ ಕೂತಿದ್ದಾನೆ ಅಂತ ಮೊದಲೇ ತೀರ್ಮಾನ ಆಗಿರುತ್ತದೆ.

ಸರಿ, ನಿಜ. ಮೋರಿಯ ಮೇಲೆ ಕೆತ್ತಿದ ಬೆಂಚ್ ಮಾರ್ಕಿನ ಕೆಳಗೆ ಮೋರಿ ಇದೆ. ದೇವಸ್ಥಾನದ ಜಗತಿಯ ಮೇಲಿದ್ದರೆ ಕೆಳಗೆ ಜಗತಿ ಇದೆ. ಬೆಟ್ಟದ ನೆತ್ತಿಯ ತ್ರಿಕೋನಮಿತಿ ಗುರುತಿನ (ತ್ರಿಕೋನಗಳ ಲೆಕ್ಕದಲ್ಲಿ ಜಾಗ ಗೊತ್ತುಮಾಡಲು ಹಾಕಿದ್ದು) ಕೆಳಗೆ ಮಾತ್ರ ಕೆಲವು ಕಡೆ ಒಂದು ಗುಟ್ಟಿದೆ: ಇನ್ನೊಂದು ಗುರುತು. ಮೇಲಿನ ಕಲ್ಲಿನಲ್ಲಿ ಒಂದು ವೃತ್ತ, ನಡುವೆ ಚುಕ್ಕಿ. ತೂಕದ ಗುಂಡು ಇಳಿಬಿಟ್ಟ ಹಾಗೆ ನೇರ ಕೆಳಗೆ, ಹೂತ ಕಲ್ಲಿನಲ್ಲಿ ಅಂಥದೇ ಚುಕ್ಕಿ. ಮೇಲಿನದು ಹಾಳಾದರೂ ಜಾಗ ತಪ್ಪದಿರಲಿ ಅಂತ ಮಾಡಿದ್ದು. ನಿಧಿಗಳ್ಳರು ಎರಡನ್ನೂ ಕಿತ್ತು, ಬರಿಗೈಲಿ ಇಳಿದು ಹೋಗುತ್ತಾರೆ.

ಹೊಲದ ಬಾಂದು ಕಲ್ಲು ಇದಲ್ಲ. ಅದು ಯಾರ ಜಮೀನು ಎಲ್ಲಿಗೆ ಮುಗಿಯಿತು ಅಂತ ಹೇಳುತ್ತದೆ. ಅದನ್ನು ನೀವು ಮುಟ್ಟಿದರೆ ಅಕ್ಕಪಕ್ಕದ ಹೊಲದವರು ನಿಮ್ಮನ್ನು ಮುಟ್ಟುತ್ತಾರೆ. ಬೆಂಚ್ ಮಾರ್ಕು ಹೇಳುವುದು ಎತ್ತರವನ್ನು. ಮೇಲೆ ಇಂಗ್ಲಿಷಿನಲ್ಲಿ ಜಿ.ಟಿ.ಎಸ್. (ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ, ಬ್ರಿಟಿಷರ ಕಾಲದ ದೇಶವಿಡೀ ಅಳತೆ), ನಡುವೆ ಒಂದು ಚೌಕ, ಕೆಳಗೆ ಬಿ.ಎಂ. ಸ್ಟಾಫನ್ನು, ಅಂದರೆ ಅಳತೆಯ ಗೆರೆಗಳಿರುವ ಉದ್ದ ಪಟ್ಟಿಯನ್ನು, ನಿಲ್ಲಿಸುವುದು ಆ ಚೌಕದೊಳಗಿನ ಸಮತಟ್ಟು ಜಾಗದಲ್ಲಿ. ಮೋರಿಯ ಮೇಲೆ ಕೆಂಪು ಬಣ್ಣದಲ್ಲಿ ಟಿ.ಬಿ.ಎಂ. ಅಂತ ಬರೆದಿದ್ದರೆ ಅದು ಕಾಂಟ್ರಾಕ್ಟರದು, ತಾತ್ಕಾಲಿಕ, ಕಾಮಗಾರಿ ಮುಗಿದರೆ ಅದರ ಆಯುಸ್ಸೂ ಮುಗಿಯಿತು. ಅದಕ್ಕೆ ಖುಷಿಪಟ್ಟು ಫೋಟೋ ಕಳಿಸಬೇಡಿ.

ಹುಡುಕುವವರಿಗೆ ಮೊದಲು ಬೇಕಾಗುವುದು ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟು, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ. ತ್ರಿಕೋನದೊಳಗೆ ಚುಕ್ಕಿ ಇದ್ದರೆ ತ್ರಿಕೋನಮಿತಿ ಠಾಣೆ, ಅಂಕಿಯ ಹಿಂದೆ ಬಿ.ಎಂ. ಇದ್ದರೆ ಬೆಂಚ್ ಮಾರ್ಕು. ಬರೀ ಚುಕ್ಕಿ, ಅಂಕಿ ಇದ್ದರೆ ನೆಲದ ಮೇಲೆ ಏನೂ ಸಿಗುವುದಿಲ್ಲ. ಹೊಸಬರು ಅರ್ಧ ದಿನ ಕಳೆದುಕೊಳ್ಳುವುದು ಇಲ್ಲೇ. ಹಳೆಯ ಒಂದಿಂಚಿನ (ಇಂಚಿಗೆ ಒಂದು ಮೈಲಿ) ನಕ್ಷೆಗಳಲ್ಲಿ ಎತ್ತರ ಅಡಿಗಳಲ್ಲಿರುತ್ತದೆ. 3000 ಅಂತ ನೋಡಿ ಕಣ್ಣರಳಿಸಬೇಡಿ, ಅದು 914 ಮೀಟರ್.

ಇನ್ನು ನಕ್ಷೆಯ ಚುಕ್ಕಿಯನ್ನು ಫೋನಿನಲ್ಲಿ ಗುರುತು ಹಾಕಿಕೊಂಡು ನೇರ ಅಲ್ಲಿಗೇ ಹೋಗುವವರ ಕಥೆ. ಈ ಅಳತೆಯಲ್ಲಿ 1 ಮಿ.ಮೀ. ಅಂದರೆ ನೆಲದ ಮೇಲೆ 50 ಮೀಟರ್. ಅದರ ಮೇಲೆ, ಭೂಮಿಯ ಆಕಾರಕ್ಕೆ ಹಳೇ ಶೀಟು ಹಿಡಿದ ಲೆಕ್ಕ ಎವರೆಸ್ಟ್ ಗೋಳಾಭದ್ದು, ಫೋನಿನದು ಡಬ್ಲ್ಯೂ.ಜಿ.ಎಸ್. 84 ಅನ್ನುವ ಬೇರೆಯದು. ಬದಲಾಯಿಸಿಕೊಳ್ಳದಿದ್ದರೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತೀರಿ. ಹಾಗಾಗಿ ಚುಕ್ಕಿಯನ್ನು ಹುಡುಕಬೇಡಿ, ಗುರುತು ಕೆತ್ತುವ ಕಾಲಕ್ಕೆ ಅಲ್ಲಿ ಗಟ್ಟಿಯಾಗಿ ನಿಂತಿದ್ದದ್ದು ಏನು ಅಂತ ಹುಡುಕಿ. ಎತ್ತರ ಅಳೆಯುತ್ತ ಸಾಗಿದ ಲೆವೆಲ್ ಸಾಲುಗಳು ಹೋದದ್ದು ರಸ್ತೆ, ರೈಲು ಹಳಿಗಳ ಗುಂಟ. ಕಲ್ಲಿನ ಮೋರಿ, ಸೇತುವೆಯ ಕಟ್ಟೆ, ಪ್ರವಾಸಿ ಮಂದಿರದ ಮೆಟ್ಟಿಲು, ರೈಲು ನಿಲ್ದಾಣದ ಅಡಿಪಾಯದ ಅಂಚು. ಬೈಪಾಸ್ ಆಗಿದ್ದರೆ ಬೈಪಾಸಿಗೆ ಹೋಗಲೇಬೇಡಿ. ಊರೊಳಗಿನ ಹಳೇ ರಸ್ತೆಯ, ಈಗ ಯಾರೂ ತಿರುಗಿ ನೋಡದ ಮೋರಿಯಲ್ಲೇ ಅದು ಇರುವುದು.

ಜಾಗ ಸಿಕ್ಕಿತು, ಅಕ್ಷರ ಕಾಣುತ್ತಿಲ್ಲ. ನಡುಮಧ್ಯಾಹ್ನ ಹೋಗಿದ್ದೀರಿ, ಅದಕ್ಕೇ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿಗೆ ಅರ್ಧ ಅಳಿಸಿದ ಗೀರೂ ನೆರಳು ಬೀಳಿಸುತ್ತದೆ. ಇಲ್ಲದಿದ್ದರೆ ಕಲ್ಲಿಗೆ ತಾಗಿಸಿದಂತೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಮಣ್ಣಿದ್ದರೆ ತೆಂಗಿನ ನಾರು, ಒಂದು ಬಾಟಲಿ ನೀರು, ಸಾಕು. ತಂತಿ ಬ್ರಷ್ಷು, ಉಳಿ, ಆಸಿಡ್ಡು ತಂದವರು ಮನೆಗೆ ಹೋಗಿ. ಸುಣ್ಣ ಹೊಡೆದದ್ದಾದರೆ ಚಿಂತೆಯಿಲ್ಲ, ಸುಣ್ಣದಡಿಯಲ್ಲೂ ತಗ್ಗು ಬೆರಳಿಗೆ ಸಿಗುತ್ತದೆ. ಆಯಿಲ್ ಪೇಂಟು ಗೀರುಗಳನ್ನೇ ತುಂಬಿಬಿಡುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಜಗತಿಯ ಮೇಲೆ ಗ್ರಾನೈಟ್ ಕೂರಿಸಿದ್ದರೆ ಕೈಮುಗಿದು ವಾಪಸ್ ಬನ್ನಿ. ದೇವರಿಗೂ ಸೇರಿಸಿಯೇ.

ಇಷ್ಟು ಹೇಳಿದರೂ ಕೆಲವರು "ಈಗ ಫೋನಲ್ಲೇ ಎತ್ತರ ಬರುತ್ತಲ್ಲ" ಅನ್ನುತ್ತಾರೆ. ಬರುತ್ತದೆ. ಎಲ್ಲಿಂದ ಎತ್ತರ? ಯಾರಾದರೂ ನನ್ನನ್ನು ಕೇಳಲಿ ಅಂತ ಕಾಯುವ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ.

ಆ ಜಿ.ಟಿ.ಎಸ್. ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ, 1802ರಲ್ಲಿ ಮದ್ರಾಸಿನಲ್ಲಿ ತ್ರಿಕೋನಗಳ ಲೆಕ್ಕಕ್ಕೆ ಬುಡವಾಗುವ ನೇರ ಗೆರೆ, ಅಂದರೆ ಬೇಸ್‌ಲೈನ್ ಅಳೆದದ್ದು ಬಹಳ ಜನಕ್ಕೆ ಗೊತ್ತು. ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿದ್ದ 19ನೇ ಶತಮಾನದ ಜಿ.ಟಿ.ಎಸ್. ವೀಕ್ಷಣಾಲಯ 2024ರಲ್ಲಿ ನೆಲಸಮವಾದಾಗ ನಾಲ್ಕು ದಿನ ಸುದ್ದಿಯೂ ಆಯಿತು. ಎತ್ತರದ ಕೆಲಸ ಬೇರೆ. 1858ರಲ್ಲಿ ಶುರುವಾಗಿ, ಲೆವೆಲ್ ಯಂತ್ರ ನಡುವೆ, ಸ್ಟಾಫ್ ಹಿಂದೊಂದು ಮುಂದೊಂದು, ಹೆಜ್ಜೆ ಹೆಜ್ಜೆಗೆ ಕೂಡಿ ಕಳೆದು ದೇಶವಿಡೀ ನಡೆದದ್ದು. 1909ರಲ್ಲಿ ಇಡೀ ಜಾಲದ ಲೆಕ್ಕ ಹೊಂದಿಸಿದಾಗ ಸೊನ್ನೆ ಅಂತ ಹಿಡಿದದ್ದು 9 ಬಂದರುಗಳ ಸರಾಸರಿ ಸಮುದ್ರ ಮಟ್ಟವನ್ನು: ಕರಾಚಿ, ಮುಂಬಯಿ, ಬೇಪೂರ್, ಕೊಚ್ಚಿ, ನಾಗಪಟ್ಟಣಂ, ಮದ್ರಾಸ್, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಜೊತೆಗೆ ನಮ್ಮ ಕಾರವಾರ. ಸಮುದ್ರ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಇರುವುದಿಲ್ಲ ಅನ್ನುವುದು ಬೇರೆ ತಕರಾರು.

ಜಿ.ಪಿ.ಎಸ್.ಗೆ ಕಾರವಾರವೂ ಗೊತ್ತಿಲ್ಲ, ಕೊಚ್ಚಿಯೂ ಗೊತ್ತಿಲ್ಲ. ಅದು ಅಳೆಯುವುದು ಗಣಿತದ ಒಂದು ನುಣುಪು ದೀರ್ಘಗೋಳದ ಮೇಲಿಂದ. ಭಾರತದ ದಕ್ಷಿಣಕ್ಕೆ ಗುರುತ್ವದ ದೊಡ್ಡ ತಗ್ಗಿರುವುದರಿಂದ ನಿಜವಾದ ಸಮುದ್ರ ಮಟ್ಟ ಈ ಗೋಳಕ್ಕಿಂತ ಬಹಳ ಕೆಳಗಿದೆ, ಬೆಂಗಳೂರಿನಲ್ಲಿ ಸುಮಾರು 85 ಮೀಟರ್. ಅದನ್ನು ಸರಿಪಡಿಸದ ಆ್ಯಪ್ ತೆರೆದರೆ ನಿಮ್ಮ ಮನೆ ಅಷ್ಟೂ ಕೆಳಗಿಳಿದಿರುತ್ತದೆ.

ಇತ್ತ ಕಲ್ಲಿನ ಲೆಕ್ಕ ನೋಡಿ. ನಿಖರ ಲೆವೆಲಿಂಗಿನಲ್ಲಿ 1 ಕಿ.ಮೀ.ಗೆ ಒಪ್ಪುವ ತಪ್ಪು 4 ಮಿ.ಮೀ. ದೂರ ನಾಲ್ಕು ಪಟ್ಟಾದರೆ ತಪ್ಪು ಎರಡು ಪಟ್ಟು, ಅಷ್ಟೇ. ಹೂತು ನಿಲ್ಲಿಸಿದ ಬೆಂಚ್ ಮಾರ್ಕು ಕಲ್ಲನ್ನು ನಿಧಿಯ ಆಸೆಗೆ ಕಿತ್ತು, ಆಮೇಲೆ ಪಾಪಪ್ರಜ್ಞೆ ಕಾಡಿ, ಅದೇ ಗುಂಡಿಯಲ್ಲಿ ಅದೇ ಮುಖ ಮೇಲಾಗಿ ಮಣ್ಣು ತುಂಬಿ ನಿಲ್ಲಿಸಿದರೂ ಒಂದು ಮಳೆಗೆ ಬೆರಳಗಲ ಕುಸಿಯುತ್ತದೆ. ಆಮೇಲೆ ಅದರ ಮೇಲೆ ಬಟ್ಟೆ ಒಗೆಯಬಹುದು.