ನಿಮ್ಮ ಫೇವರಿಟ್ ಗೆಲುವು ಯಾವ್ದು ಸಾರ್? ಇನ್ಮೇಲೆ ಬಾಯಲ್ಲಿ ಹೇಳಲ್ಲ, ಇಲ್ಲೇ ಓದ್ಕೊಳ್ಳಿ

ಕನ್ನಡ ಕೂಟದ ಊಟದ ಲೈನಲ್ಲಿ ಕೇಳೋರು ಬರೀ ಪ್ರಶ್ನೆ ಕೇಳಿದ್ರೆ ನನಗೇನೂ ತಕರಾರಿಲ್ಲ. "ಇಷ್ಟು ವರ್ಷದಿಂದ ಮಿಷಿಗನ್ ಫುಟ್ಬಾಲ್ ಅಂತ ಸಾಯ್ತೀರಲ್ಲ ಸಾರ್, ನಿಮ್ಮ ಫೇವರಿಟ್ ಗೆಲುವು ಯಾವ್ದು? ಆ ಚಾಂಪಿಯನ್‌ಶಿಪ್ ಮ್ಯಾಚೇ ಅಲ್ವಾ?" ಅಂತ ಉತ್ತರಾನೂ ಅವರೇ ತಂದಿರ್ತಾರೆ. ನಾನು ಹೂಂ ಅಂದ್ಬಿಟ್ರೆ ಅವರ ಕೆಲಸ ಮುಗೀತು, ತಟ್ಟೆ ಹಿಡ್ಕೊಂಡು ಬಿಸಿಬೇಳೆಬಾತಿನ ಕಡೆ ಹೋಗ್ತಾರೆ, ಅಲ್ಲ ಅಂದ್ರೆ ಮಾತ್ರ ಮುಖ ಹುಳ್ಳಗಾಗುತ್ತೆ. ಅದಕ್ಕೇ ಹೇಳ್ತಿದ್ದೀನಿ, ಅಲ್ಲ. ಅದಲ್ಲ ಕಣ್ರೀ.

ಗೊತ್ತಿಲ್ದೇ ಇರೋರಿಗೆ ಬೇಗ ಹೇಳಿ ಮುಗಿಸ್ತೀನಿ. ಇದು ಅಮೆರಿಕನ್ ಫುಟ್ಬಾಲು, ಹೌದು ಕೈಯಲ್ಲೇ ಹಿಡ್ಕೊಂಡು ಓಡ್ತಾರೆ, ಹೌದು ಚೆಂಡು ದುಂಡಗಿಲ್ಲ, ಊರಿಗೆ ಹೋದಾಗಲೆಲ್ಲ ಈ ಜೋಕ್ ಕೇಳಿ ಆಗಿದೆ, ಹೊಸದಿದ್ರೆ ಹೇಳಿ. ನಾಲ್ಕು ಸಲ ಚಾನ್ಸ್ ಕೊಡ್ತಾರೆ, ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸು, ಇಲ್ದಿದ್ರೆ ಚೆಂಡು ಅವರ ಪಾಲು. ಆಡೋರು ಮಿಷಿಗನ್ ಯೂನಿವರ್ಸಿಟಿಯ ಕಾಲೇಜು ಹುಡುಗರು, ಆದ್ರೆ ಕಾಲೇಜು ಅಂದ ತಕ್ಷಣ ಇಂಟರ್ ಕಾಲೇಜು ಟೂರ್ನಮೆಂಟು, ಪ್ರಿನ್ಸಿಪಾಲ್ ಭಾಷಣ, ಒಂದು ಕಪ್ಪು ಅಂತೆಲ್ಲ ಅಂದ್ಕೋಬೇಡಿ. ಆನ್ ಆರ್ಬರ್‌ನಲ್ಲಿರೋ ಮಿಷಿಗನ್ ಸ್ಟೇಡಿಯಂ 1927 ರಲ್ಲಿ ಕಟ್ಟಿದ್ದು, ಈಗ ಅದರಲ್ಲಿ 1,07,601 ಸೀಟು, ಕೋವಿಡ್ ವರ್ಷ ಒಂದನ್ನ ಬಿಟ್ರೆ 1975 ರ ನವೆಂಬರ್‌ನಿಂದ ಇಲ್ಲೀತನಕ ಪ್ರತಿ ಹೋಮ್ ಮ್ಯಾಚಿಗೂ ಲಕ್ಷದ ಮೇಲೇ ಜನ. ಊರಿನ ಜನಸಂಖ್ಯೆಯೇ ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ!

ಇನ್ನು ಎರಡನೇ ಚುಚ್ಚುಮಾತು. "ನೀವು ಅಲ್ಲಿ ಓದಿದ್ದೇ ಅಲ್ವಲ್ಲ ಸಾರ್?" ಓದಿಲ್ಲ ರೀ. ನಾನು ತೊಂಬತ್ತರ ದಶಕದಲ್ಲಿ ಡೆಟ್ರಾಯಿಟ್ ಕಡೆಗೆ ಕಾರ್ ಕಂಪನಿ ಕೆಲಸಕ್ಕೆ ಬಂದವನು. ನನ್ನಂಥವರಿಗೆ ಪಕ್ಕದ ಮಿಷಿಗನ್ ಸ್ಟೇಟ್ ಅನ್ನೋ ಬೇರೆ ಯೂನಿವರ್ಸಿಟಿಯವರು ಇಟ್ಟಿರೋ ಹೆಸರೇ ಇದೆ, ವಾಲ್‌ಮಾರ್ಟ್ ವುಲ್ವರಿನ್ ಅಂತ, ವುಲ್ವರಿನ್ ನಮ್ಮ ಟೀಮಿನ ಅಡ್ಡಹೆಸರು, ಅಂದ್ರೆ ಕಾಲೇಜಿನ ಮೆಟ್ಟಿಲು ಹತ್ತದೆ ಅಂಗಡೀಲಿ ಟೀಶರ್ಟು ಕೊಂಡು ಫ್ಯಾನ್ ಆದವರು. ನನ್ನ ಮೊದಲನೇ ಟೀಶರ್ಟು ಅಲ್ಲಿಂದಲೇ ತಂದಿದ್ದು, ಬಟ್ಟೆ ಚೆನ್ನಾಗಿತ್ತು, ತುಂಬಾ ವರ್ಷ ಬಾಳಿಕೆ ಬಂತು. ಕರ್ನಾಟಕ ರಣಜಿ ಆಡುವಾಗ ಟೀವಿ ಮುಂದೆ ಕೂರೋರೆಲ್ಲ ಕೆಎಸ್‌ಸಿಎ ಮೆಂಬರ್‌ಗಳಾ? ಮುಂದೆ ಹೋಗೋಣ.

ಚಾಂಪಿಯನ್‌ಶಿಪ್ ವಿಷಯ. 2024 ರ ಜನವರಿ 8, ಹ್ಯೂಸ್ಟನ್, ವಾಷಿಂಗ್ಟನ್ ಮೇಲೆ 34–13. ಖುಷಿಯಾಯ್ತಾ ಅಂದ್ರೆ ಆಯ್ತು, ಕುಣಿದೆ, ಹೆಂಡತಿ ಬೈದಳು, ಮಂಗಳವಾರ ಆಫೀಸಿಗೆ ಲೇಟು. ಆದ್ರೆ ಆ ಮ್ಯಾಚಲ್ಲಿ ಒಂದು ಕ್ಷಣಾನೂ ಹೊಟ್ಟೆ ತೊಳಸಲಿಲ್ಲ ನೋಡಿ. ಅದಕ್ಕಿಂತ ಒಂದು ವಾರ ಮುಂಚೆ ರೋಸ್ ಬೌಲ್ ಅನ್ನೋ ಹೊಸವರ್ಷದ ದೊಡ್ಡ ಮ್ಯಾಚಲ್ಲಿ ಅಲಬಾಮಾ ಮೇಲೆ ಓವರ್‌ಟೈಮಲ್ಲಿ 27–20 ಗೆದ್ದದ್ದೇ ಮೇಲು, ಕೊನೇ ಚಾನ್ಸಲ್ಲಿ ಗೆರೆ ಹತ್ರ ಅವರ ಕ್ವಾರ್ಟರ್‌ಬ್ಯಾಕನ್ನ, ಅಂದ್ರೆ ಚೆಂಡು ಎಸೆದು ಆಟ ನಡೆಸೋ ಹುಡುಗನನ್ನ, ಗೋಡೆ ಥರ ನಿಂತು ಹಿಡಿದ್ರು. ಆ ಸೀಸನ್ನು ಹದಿನೈದಕ್ಕೆ ಹದಿನೈದು ಗೆಲುವು. ಇಷ್ಟು ಹೇಳೋ ಹೊತ್ತಿಗೆ ಯಾರಾದ್ರೂ ಒಬ್ಬರು ಕಿಸಕ್ ಅಂತ ನಕ್ಕು "ಅದು ಸನ್ನೆ ಕದ್ದು ಗೆದ್ದದ್ದಲ್ವಾ" ಅಂತಾರೆ. ಎದುರಾಳಿ ಕೋಚ್‌ಗಳು ಸೈಡ್‌ಲೈನಲ್ಲಿ ಮಾಡೋ ಕೈಸನ್ನೆಗಳನ್ನ ಅವರ ಬೇರೆ ಮ್ಯಾಚುಗಳಿಗೆ ಜನ ಕಳಿಸಿ ವಿಡಿಯೋ ಮಾಡಿಸಿದ್ರು ಅಂತ ಗಲಾಟೆ ಆಗಿದ್ದು ನಿಜ, ಕೋಚ್ ಜಿಮ್ ಹಾರ್ಬಾ ಅವರನ್ನ ಆ ನವೆಂಬರಲ್ಲಿ ಮೂರು ಮ್ಯಾಚು ಹೊರಗಿಟ್ಟಿದ್ದೂ ನಿಜ. ಆ ಮೂರು ಮ್ಯಾಚು ಯಾರ ಜೊತೆ? ಪೆನ್ ಸ್ಟೇಟು, ಮೇರಿಲ್ಯಾಂಡು, ನಮ್ಮ ಬದ್ಧ ಎದುರಾಳಿ ಒಹಾಯೋ ಸ್ಟೇಟು. ಮೂರನ್ನೂ ಗೆದ್ರು, ಸನ್ನೆ ಗಿನ್ನೆ ಎಲ್ಲ ಬಂದ್ ಆದಮೇಲೆ, ಹೆಡ್ ಕೋಚೇ ಇಲ್ದೆ! ಆಮೇಲೆ ಕಾಲೇಜು ಆಟಗಳನ್ನ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ ದಂಡ ಹಾಕ್ತು, ಗೆಲುವು ವಾಪಸ್ ತಗೊಳ್ಳಲಿಲ್ಲ. ಇದನ್ನ ನಾನು ಎಷ್ಟು ಜೋರಾಗಿ ಹೇಳ್ತೀನಿ ಅಂದ್ರೆ ಊಟದ ಲೈನಲ್ಲಿ ಹಿಂದೆ ನಿಂತೋರು ಸ್ವಲ್ಪ ದೂರ ಸರೀತಾರೆ, ಅದೂ ಒಳ್ಳೇದೇ.

ಹಾಗಾದ್ರೆ 1997 ರದ್ದಾ ಅಂತ ಹಳಬರು ಕೇಳ್ತಾರೆ, ಅವರಿಗೆ ಸ್ವಲ್ಪ ಮರ್ಯಾದೆ ಕೊಡ್ತೀನಿ. ನವೆಂಬರ್ 22, ಒಹಾಯೋ ಸ್ಟೇಟ್ ಮೇಲೆ 20–14. ನಮ್ಮ ಚಾರ್ಲ್ಸ್ ವುಡ್ಸನ್ ಅವರು ಒದ್ದ ಚೆಂಡು ಹಿಡಿದು 78 ಗಜ ಓಡಿದ, ಅವರು ಎಸೆದ ಚೆಂಡನ್ನ ಗೋಲ್ ಗೆರೆಯಾಚೆ ಎಂಡ್ ಝೋನಲ್ಲಿ ಕಿತ್ಕೊಂಡ, ನಡುವೆ ಬ್ಯಾಟಿಂಗ್ ಕಡೆಯೂ ಬಂದು, ಅಂದ್ರೆ ಅಫೆನ್ಸಲ್ಲೂ ಬಂದು 37 ಗಜದ ಕ್ಯಾಚ್ ಹಿಡಿದ. ಡಿಫೆನ್ಸ್ ಆಡೋ ಹುಡುಗನಿಗೆ ಆ ವರ್ಷ ಹೈಸ್ಮನ್ ಬಂತು, ಅಂದ್ರೆ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ, ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ಗೆ ತಪ್ಪಿಸಿ. ಆಮೇಲೆ ರೋಸ್ ಬೌಲಲ್ಲಿ ವಾಷಿಂಗ್ಟನ್ ಸ್ಟೇಟ್ ಮೇಲೆ 21–16, ಸೀಸನ್ನಲ್ಲಿ ಒಂದೂ ಸೋಲಿಲ್ಲ. ಆದ್ರೂ ಚಾಂಪಿಯನ್ ಪಟ್ಟ ಅರ್ಧ! ಆಗ ಪ್ಲೇಆಫ್ ಇರಲಿಲ್ಲ, ಓಟು ಹಾಕಿ ಚಾಂಪಿಯನ್ ಯಾರು ಅಂತ ಹೇಳ್ತಿದ್ರು, ಪತ್ರಕರ್ತರು ಮಿಷಿಗನ್ ಅಂದ್ರು, ಕೋಚುಗಳು ನೆಬ್ರಾಸ್ಕಾ ಅಂದ್ರು. ಆಟದ ಕಪ್ಪನ್ನ ಎಲೆಕ್ಷನ್ ಮಾಡಿ ಕೊಡೋ ದೇಶ ಇದು, ಇದರ ಬಗ್ಗೆ ಶುರು ಮಾಡಿದ್ರೆ ರಾತ್ರಿ ಆಗುತ್ತೆ.

ನನ್ನ ಉತ್ತರ 2005. ಅಕ್ಟೋಬರ್ 15, ಪೆನ್ ಸ್ಟೇಟ್, 27–25.

"ಅದಾ? ಆ ವರ್ಷ ಏನೂ ಗೆಲ್ಲಲಿಲ್ವಲ್ಲ" ಅಂತೀರ. ಹೌದು, ಏನೂ ಗೆಲ್ಲಲಿಲ್ಲ. ಆ ದಿನದ ತನಕ ಆರು ಮ್ಯಾಚಲ್ಲಿ ಮೂರು ಸೋತಿದ್ವಿ, ಹಿಂದಿನ ವಾರ ಮಿನೆಸೋಟಾ ಬಂದು 23–20 ಕ್ಕೆ ಬಡಿದು, ಎರಡೂ ಟೀಮು ಯಾವತ್ತಿಂದಲೋ ಕಿತ್ತಾಡೋ ಒಂದು ಮಣ್ಣಿನ ಜಗ್ ಇದೆ, ಅದನ್ನೂ ಎತ್ಕೊಂಡು ಹೋಗಿದ್ರು. ಪೆನ್ ಸ್ಟೇಟು ಆರಕ್ಕೆ ಆರು ಗೆದ್ದು ಬಂದಿತ್ತು. ನನಗೆ ಟಿಕೆಟ್ ಸಿಕ್ಕಿದ್ದೇ ಯಾರಿಗೂ ಬೇಡವಾಗಿದ್ದಕ್ಕೆ, ಆಫೀಸಲ್ಲಿ ಒಬ್ಬರು "ನೀನೇ ಹೋಗಪ್ಪ, ನನ್ನ ಬಿಪಿಗೆ ಆಗಲ್ಲ" ಅಂತ ಕೊಟ್ರು. ಜೊತೆಗೆ ಬಂದವನು ಮಂಡ್ಯದ ಗೆಳೆಯ, ಅವನಿಗೆ ಆಟಕ್ಕಿಂತ ಪಾರ್ಕಿಂಗ್ ಚಿಂತೆ. ನನ್ನ ಇನ್ನೊಂದು ಪಕ್ಕ ಒಬ್ಬ ಅಜ್ಜ, ಕಣ್ಣೆದುರೇ ಮ್ಯಾಚ್ ನಡೀತಿದ್ರೂ ಕಿವಿಗೆ ರೇಡಿಯೋ, ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಒತ್ಕೊಂಡು ಕೂರ್ತಿದ್ದ ನಮ್ಮ ಮಾವನ ಥರಾನೇ. ಅಲ್ಲಿ ಬೆಂಚಿನ ಮೇಲೆ ನಂಬರ್ ಬರೆದಿರ್ತಾರೆ ಅಷ್ಟೆ, ಆ ನಂಬರಿನ ಅಗಲಕ್ಕೆ ಯಾವ ಮನುಷ್ಯನೂ ಹಿಡಿಸಲ್ಲ, ಹಾಗಾಗಿ ಅಜ್ಜನ ಮೊಣಕೈ ಮೂರು ಗಂಟೆ ನನ್ನ ಪಕ್ಕೆಯಲ್ಲೇ ಇತ್ತು.

ಮೊದಲರ್ಧ ನಿದ್ದೆ ಬರೋ ಹಾಗಿತ್ತು, ಕೊನೇ ಕ್ವಾರ್ಟರಲ್ಲಿ ನೋಡಿ ಹುಚ್ಚು ಹಿಡೀತು, ಒಂದ್ಸಲ ಅವರು ಮುಂದೆ ಒಂದ್ಸಲ ನಾವು ಮುಂದೆ, ನಾವು 21–18 ಇದ್ವಿ, ಅವರ ಕ್ವಾರ್ಟರ್‌ಬ್ಯಾಕ್ ಮೈಕಲ್ ರಾಬಿನ್‌ಸನ್ ತಾನೇ ಚೆಂಡು ಹಿಡ್ಕೊಂಡು ನುಗ್ಗಿ 25–21 ಮಾಡಿದ, ಉಳಿದಿದ್ದು 53 ಸೆಕೆಂಡು. ಮಂಡ್ಯದವನು ಎದ್ದು ನಿಂತು "ನಡೀ ಗುರು, ಈಗ ಹೊರಟ್ರೆ ಟ್ರಾಫಿಕ್ ತಪ್ಪುತ್ತೆ" ಅಂದ. ನಮ್ಮ ಸಾಲಲ್ಲೇ ಅರ್ಧ ಜನ ಹೊರಟಿದ್ರು. ನಾನು ಕೂತಿದ್ದು ಭಕ್ತಿಯಿಂದ ಏನಲ್ಲ, ಅಜ್ಜ ಏಳದೆ ನನಗೆ ದಾರಿ ಇರಲಿಲ್ಲ, ಅಜ್ಜ ಏಳ್ತಾ ಇರಲಿಲ್ಲ. ನಮ್ಮ ಸ್ಟೀವ್ ಬ್ರೆಸ್ಟನ್ ಕಿಕಾಫ್ ಹಿಡಿದು ಮೈದಾನದ ನಡುವಿನ ತನಕ ಓಡಿದ. ನಮ್ಮ ಕ್ವಾರ್ಟರ್‌ಬ್ಯಾಕ್ ಚಾಡ್ ಹೆನ್ನಿ ಒಂದೊಂದೇ ಎಸೆತ ಎಸೀತಾ ಮುಂದೆ ಬಂದ.

ಆಗ ಬಂತು ಗಡಿಯಾರದ ವಿಷಯ. ನಮ್ಮ ಕೋಚ್ ಲಾಯ್ಡ್ ಕಾರ್, ಸಾಮಾನ್ಯವಾಗಿ ರಿಟೈರ್ಡ್ ಹೆಡ್‌ಮಾಸ್ಟರ್ ಥರ ಗಂಭೀರವಾಗಿ ನಿಂತಿರೋ ಮನುಷ್ಯ, ಟೈಮೌಟ್ ಕೇಳಿದ ಮೇಲೂ ಗಡಿಯಾರ ಓಡಿದೆ ಅಂತ ರೆಫರಿ ಹತ್ರ ವಾದ ಹಾಕಿ ಎರಡು ಸೆಕೆಂಡು ವಾಪಸ್ ಹಾಕಿಸಿದ್ರು. ಎರಡು ಸೆಕೆಂಡು! ಲಕ್ಷ ಜನಕ್ಕೆ ಅದು ಕಾಣಲೇ ಇಲ್ಲ, ಅಜ್ಜನಿಗೆ ರೇಡಿಯೋದಲ್ಲಿ ಕೇಳಿಸ್ತು, ನನಗೆ ಎರಡು ಬೆರಳು ತೋರಿಸಿದ, ನಾನು ಅದನ್ನ ವಿಕ್ಟರಿ ಸನ್ನೆ ಅಂದ್ಕೊಂಡು ಪಾಪ ಅಜ್ಜನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಕೊನೆಗೆ ಗೋಲ್ ಗೆರೆಗೆ 10 ಗಜ ಬಾಕಿ, ಗಡಿಯಾರದಲ್ಲಿ 1 ಸೆಕೆಂಡು. ಒಂದೇ ಎಸೆತ. ಮಾರಿಯೋ ಮ್ಯಾನಿಂಗ್‌ಹ್ಯಾಮ್, ಮೊದಲನೇ ವರ್ಷದ ಹುಡುಗ, ಅದೂ ಒಹಾಯೋದಿಂದ ಬಂದವನು, ಒಳಕ್ಕೆ ತಿರುಗಿದ, ಹೆನ್ನಿ ಎಸೆದ, ಹಿಡಿದ, ಮುಗೀತು. 27–25. ಮಂಡ್ಯದವನು ಮೆಟ್ಟಿಲ ಮೇಲೆ ನಿಂತಿದ್ದ, ಹೊರಗೂ ಹೋಗಿರಲಿಲ್ಲ ಒಳಗೂ ಇರಲಿಲ್ಲ, ಯಾರೋ ಗುರುತಿಲ್ಲದ ದಢೂತಿ ಮನುಷ್ಯ ಅವನನ್ನ ಎತ್ತಿ ಇಳಿಸಿದ್ನಂತೆ.

ಪೆನ್ ಸ್ಟೇಟಿನವರು ಇವತ್ತಿಗೂ ಆ ಎರಡು ಸೆಕೆಂಡಿನ ಕಥೆ ಎತ್ತುತ್ತಾರೆ. ಎರಡು ವಾಪಸ್ ಬಂತು, ಒಂದು ಉಳಿದಿತ್ತು, ಲೆಕ್ಕ ಅವರಿಗೂ ಬರುತ್ತೆ. ನನಗೆ ನಾಚಿಕೆ ಆಗುತ್ತಾ? ಸ್ವಲ್ಪಾನೂ ಇಲ್ಲ. ಟೈಮೌಟ್ ಕೇಳಿದಮೇಲೆ ಗಡಿಯಾರ ನಿಲ್ಲಬೇಕು, ನಿಲ್ಲಲಿಲ್ಲ, ಸರಿ ಮಾಡಿದ್ರು. ಆ ಸೀಸನ್ನಲ್ಲಿ ಪೆನ್ ಸ್ಟೇಟ್ ಸೋತಿದ್ದು ಅದೊಂದೇ ಮ್ಯಾಚು, 11 ಗೆಲುವು 1 ಸೋಲು. ಮಿಷಿಗನ್ 7 ಗೆಲುವು 5 ಸೋಲು, ದರಿದ್ರ ಸೀಸನ್ನು. ಅದಕ್ಕೇ ಇಷ್ಟ ನನಗೆ. ಗೆಲ್ಲೋ ಯೋಗ್ಯತೆ ಇದ್ದ ಟೀಮು ಗೆದ್ದಾಗ ಲೆಕ್ಕ ಸರಿಹೋಯ್ತು ಅನ್ಸುತ್ತೆ ಅಷ್ಟೇ, ಏನೂ ಉಳಿದಿಲ್ಲದ ಟೀಮು ಬಂದು ದೊಡ್ಡವರ ವರ್ಷಾನೇ ಕೆಡಿಸಿ ಹೋಗುತ್ತಲ್ಲ, ಆ ಮಜಾ ಬೇರೆ. ಹಳೇ ಫ್ಯಾನ್‌ಗಳು ದೇವರ ಹೆಸರಿನ ಥರ ಹೇಳೋ 1969 ರ ಮ್ಯಾಚೂ ಅಂಥದ್ದೇ ತಾನೇ, ಬೋ ಶೆಂಬೆಕ್ಲರ್ ಕೋಚಾಗಿ ಬಂದ ಮೊದಲನೇ ವರ್ಷ, ಸತತ 22 ಮ್ಯಾಚು ಗೆದ್ದು ಬಂದಿದ್ದ ನಂಬರ್ ಒನ್ ಒಹಾಯೋ ಸ್ಟೇಟನ್ನ 24–12 ಕ್ಕೆ ಕೆಡವಿದ್ದು. ನಾನು ನೋಡಿಲ್ಲ, ನೋಡಿದವರ ಬಾಯಲ್ಲಿ ಕೇಳಿದ್ದೀನಿ, ಕೇಳಿದಾಗಲೆಲ್ಲ ಹಿಮ ಜಾಸ್ತಿ ಆಗ್ತಾ ಇರುತ್ತೆ.

ಇಷ್ಟು ಹೇಳಿದಮೇಲೆ ಒಬ್ಬರಾದ್ರೂ ಕೇಳಲಿ ಅಂತ ನಾನು ಕಾಯೋ ಪ್ರಶ್ನೆ ಒಂದಿದೆ, ಯಾರೂ ಕೇಳಲ್ಲ. ಆ ಕ್ಯಾಚ್ ಹಿಡಿದ ಹುಡುಗನಿಗೆ ಏನು ಸಿಕ್ತು?

ಫೀಸು, ರೂಮು, ಊಟ. ಅಷ್ಟೇ. ಮುಂದಿನ ವಾರ ಅಂಗಡೀಲಿ 86 ನಂಬರಿನ ಜೆರ್ಸಿ ನೋಡಿದೆ, ಅದರ ಮೇಲೆ ಅವನ ಹೆಸರಿಲ್ಲ, ಯಾಕಂದ್ರೆ ಆಡೋ ಹುಡುಗನ ಹೆಸರಲ್ಲಿ ದುಡ್ಡು ಮಾಡೋ ಹಾಗಿರಲಿಲ್ಲವಂತೆ, ನಂಬರಿನಲ್ಲಿ ಮಾಡಬಹುದಂತೆ, ಆ ದುಡ್ಡಲ್ಲಿ ಅವನಿಗೆ ಒಂದು ಪೈಸೆ ಇಲ್ಲ. ಲಕ್ಷ ಜನದ ಟಿಕೆಟ್ಟು, ಟೀವಿ ದುಡ್ಡು, ಪಾರ್ಕಿಂಗು, ಮನೆ ಮುಂದಿನ ಹುಲ್ಲಲ್ಲಿ ಕಾರ್ ನಿಲ್ಲಿಸೋಕೆ ಜಾಗ ಬಾಡಿಗೆ ಕೊಡೋ ಆನ್ ಆರ್ಬರ್ ಜನಕ್ಕೂ ಆವತ್ತು ಸಂಪಾದನೆ, ಮೈ ಮುರ್ಕೊಂಡು ಆಡಿದವನಿಗೆ ಮಾತ್ರ ಹಾಸ್ಟೆಲ್ ಊಟ. 2014 ರ ಕೊನೇಲಿ ಹಾರ್ಬಾ ಅವರನ್ನ ಕೋಚ್ ಮಾಡ್ಕೊಂಡಾಗ ವರ್ಷಕ್ಕೆ 50 ಲಕ್ಷ ಡಾಲರ್ ಸಂಬಳ, ಆಗಲೂ ಹುಡುಗರಿಗೆ ಸಂಬಳ ಅನ್ನೋ ಮಾತಿಲ್ಲ. 2021 ರ ಜುಲೈಯಿಂದ ಅವರ ಹೆಸರು, ಮುಖ ಬಳಸಿ ಜಾಹೀರಾತು ಮಾಡಿ ದುಡಿಯೋಕೆ ಬಿಟ್ರು, 2025 ರ ಜೂನಲ್ಲಿ ಕೋರ್ಟ್ ಒಪ್ಪಿದ ರಾಜಿಯಲ್ಲಿ ಕಾಲೇಜುಗಳೇ ನೇರವಾಗಿ ಕೊಡಬಹುದು ಅಂತಾಯ್ತು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ, ಎಲ್ಲಾ ಆಟದವರಿಗೂ ಸೇರಿಸಿ. ಈಗ ಅದೇ ಕನ್ನಡ ಕೂಟದ ಲೈನಲ್ಲಿ ನಿಂತು "ದುಡ್ಡು ಬಂದಮೇಲೆ ಆಟ ಕೆಟ್ಟೋಯ್ತು ಸಾರ್" ಅಂತಾರೆ. ದುಡ್ಡು ಮೊದಲಿಂದಾನೂ ಇತ್ತು ಸ್ವಾಮಿ, ಹುಡುಗರ ಜೇಬಲ್ಲಿ ಇರಲಿಲ್ಲ ಅಷ್ಟೇ. ಮ್ಯಾನಿಂಗ್‌ಹ್ಯಾಮ್ ಅದೃಷ್ಟ ಚೆನ್ನಾಗಿತ್ತು, ಸಂಬಳಕ್ಕೆ ಆಡೋರ ಲೀಗ್ ಎನ್‌ಎಫ್‌ಎಲ್‌ಗೆ ಹೋದ, 2012 ರಲ್ಲಿ ಅದರ ಫೈನಲ್ ಸೂಪರ್ ಬೌಲಲ್ಲಿ ಜೈಂಟ್ಸ್ ಟೀಮಿನ ಪರ ಸೈಡ್‌ಲೈನ್ ಅಂಚಲ್ಲಿ 38 ಗಜದ ಕ್ಯಾಚ್ ಹಿಡಿದು ಮತ್ತೆ ಮ್ಯಾಚ್ ತಿರುಗಿಸಿದ. ಆವತ್ತು ಟೀವಿ ಮುಂದೆ ನಾನು ಕೂಗಿದ್ದಕ್ಕೆ ಮನೇಲಿ ಬಂದಿದ್ದ ನೆಂಟರು ಗಾಬರಿಯಾದ್ರು. ಮೊಣಕಾಲು ಕಳ್ಕೊಂಡು ಊರಿಗೆ ವಾಪಸ್ ಹೋದವರು ಎಷ್ಟು ಜನ, ಅವರ ನಂಬರಿನ ಜೆರ್ಸಿ ಯಾರ್ ಯಾರ ಮನೆ ಬೀರುವಲ್ಲಿದೆ, ಅದನ್ನ ಕೇಳಿ, ಕೂತು ಮಾತಾಡೋಣ.

ಆಯ್ತು, 2021 ಹೇಳ್ಲಿಲ್ಲ ಅಂತ ಬೈಬೇಡಿ. 2011 ರಿಂದ ಒಹಾಯೋ ಸ್ಟೇಟನ್ನ ಗೆದ್ದಿರಲಿಲ್ಲ, ಹಿಮ ಬೀಳ್ತಾ ಇತ್ತು, ನಮ್ಮ ಹಸನ್ ಹ್ಯಾಸ್ಕಿನ್ಸ್ ಐದು ಟಚ್‌ಡೌನು, ಅಂದ್ರೆ ಐದು ಸಲ ಚೆಂಡನ್ನ ಗೋಲ್ ಗೆರೆ ದಾಟಿಸಿದ, 42–27, ಜನ ಎಲ್ಲ ಮೈದಾನಕ್ಕೆ ನುಗ್ಗಿದ್ರು. ಎರಡನೇ ಸ್ಥಾನಕ್ಕೆ ಅದನ್ನೇ ಇಡ್ತಿದ್ದೆ, ಆದ್ರೆ 2024 ರ ನವೆಂಬರ್ 30 ಬಂದು ಹಾಳು ಮಾಡ್ತು. ಮತ್ತೆ ಅಂಥದ್ದೇ ದರಿದ್ರ ಸೀಸನ್ನು, 6 ಗೆಲುವು 5 ಸೋಲು, ಒಹಾಯೋ ಸ್ಟೇಟಿನ ಊರು ಕೊಲಂಬಸ್‌ಗೆ ಹೋಗಿ, ಆಗ ನಂಬರ್ ಟೂ ಇದ್ದ ಅವರ ಟೀಮಿನ ಎದುರು ಆಡಬೇಕು, ಬೆಟ್ಟಿಂಗ್‌ನವರ ಲೆಕ್ಕದಲ್ಲಿ ಮೂರು ಟಚ್‌ಡೌನ್ ಅಂತರದಲ್ಲಿ ಸೋಲಬೇಕಾದ ಮ್ಯಾಚು. ಪೂರ್ತಿ ಆಟದಲ್ಲಿ ನಮ್ಮವರು ಎಸೆದು ಗಳಿಸಿದ್ದು 62 ಗಜ, ನಗಬೇಡಿ, ಗೆದ್ದಿದ್ದು 13–10, ಮುಗಿಯೋಕೆ 45 ಸೆಕೆಂಡ್ ಇರುವಾಗ ಡಾಮಿನಿಕ್ ಝ್ವಾಡಾ ಒದ್ದ ಫೀಲ್ಡ್ ಗೋಲಲ್ಲಿ. ಆಟ ಮುಗಿದಮೇಲೆ ನಮ್ಮ ಹುಡುಗರು ಅವರ ಮೈದಾನದ ಮಧ್ಯೆ ಬಾವುಟ ನೆಡೋಕೆ ಹೋಗಿ ಹೊಡೆದಾಟ ಆಗಿ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದ್ರು, ಅದು ಬೇಡವಾಗಿತ್ತು.

ನನ್ನ ನಾದಿನಿ ಮಗ ಕೊಲಂಬಸ್‌ನಲ್ಲೇ ಓದ್ತಿದ್ದಾನೆ. ಆ ಸೋಲಾದಮೇಲೆ ಅವರ ಟೀಮು ಪ್ಲೇಆಫಲ್ಲಿ ಎಲ್ಲರನ್ನೂ ಬಡಿದು, 2025 ರ ಜನವರಿಯಲ್ಲಿ ನೋಟರ್ ಡೇಮ್ ಮೇಲೆ 34–23 ಗೆದ್ದು ಚಾಂಪಿಯನ್ನೇ ಆಯ್ತು. ರಾತ್ರಿ ಹನ್ನೆರಡು ದಾಟಿದ ಮೇಲೆ ಫೋನು.

"ದೊಡ್ಡಪ್ಪ, ಈಗ ಟ್ರೋಫಿ ಯಾರತ್ರ ಇದೆ ಹೇಳಿ?"

"ನಿಮ್ಮತ್ರಾನೇ ಇದೆ ಕಣೋ. ಆ ಟ್ರೋಫಿ ಗೆದ್ದ ಟೀಮನ್ನ ಅವರ ಮನೇಲೇ 62 ಗಜ ಎಸೆದು ಸೋಲಿಸಿದ್ದು ಯಾರು?"

"ಅದು ಲೆಕ್ಕಕ್ಕಿಲ್ಲ ದೊಡ್ಡಪ್ಪ."

"ಲೆಕ್ಕಕ್ಕಿಲ್ದಿದ್ರೆ ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಿದ್ದೋನು ಆವತ್ತು ಊಟ ಯಾಕೋ ಬಿಟ್ಟೆ?"

ಫೋನ್ ಇಟ್ಬಿಟ್ಟ.